ರಕ್ತದ ರಿಪೋರ್ಟ್ ನಾರ್ಮಲ್ ಇದ್ದರೂ ಎಂಎಸ್ ಯಾಕೆ?

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇದೆ ಅಂತ ಗೊತ್ತಾದ ಮೇಲೆ ಎಷ್ಟೋ ಜನ ಹಳೆಯ ರಕ್ತಪರೀಕ್ಷೆಗಳ ಫೈಲ್ ತೆಗೆದು ಕೂರುತ್ತಾರೆ. ಬಿಳಿ ರಕ್ತಕಣ ಸರಿಯಾಗಿದೆ. ಅದರಲ್ಲೇ ಒಂದು ಬಗೆಯಾದ ಲಿಂಫೋಸೈಟ್ ಸರಿಯಾಗಿದೆ. ಎಲ್ಲಾ ನಾರ್ಮಲ್. ಹಾಗಾದರೆ ಡಾಕ್ಟರು ಇದನ್ನು ರೋಗನಿರೋಧಕ ವ್ಯವಸ್ಥೆಯ ಕಾಯಿಲೆ ಅಂದದ್ದು ಯಾವ ಆಧಾರದ ಮೇಲೆ?

ಪ್ರಶ್ನೆ ಸರಿಯಾಗಿಯೇ ಇದೆ. ಅದಕ್ಕೆ ಎಲ್ಲ ಕಡೆ ಸಿಗುವ ಉತ್ತರ ಮಾತ್ರ ಸರಿಯಿಲ್ಲ. "ನಿಮ್ಮ ಇಮ್ಯುನಿಟಿ ಜಾಸ್ತಿಯಾಗಿದೆ, ಅದಕ್ಕೇ ನಿಮ್ಮ ನರಗಳನ್ನೇ ತಿನ್ನುತ್ತಿದೆ" ಅನ್ನುತ್ತಾರೆ ಕೆಲವರು. "ಇಮ್ಯುನಿಟಿ ಕಡಿಮೆಯಾಗಿದೆ, ಹೆಚ್ಚಿಸಿಕೊಳ್ಳಿ" ಅನ್ನುತ್ತಾರೆ ಇನ್ನು ಕೆಲವರು. ಈ ಜಾಸ್ತಿ-ಕಡಿಮೆ ಲೆಕ್ಕ ಹಿಡಿದುಕೊಂಡಷ್ಟು ದಿನ ಎಂಎಸ್ ಅರ್ಥವಾಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಈ ಕಾಯಿಲೆಯಲ್ಲಿ ಕೋಶಗಳ ಎಣಿಕೆ ಬಹುಮಟ್ಟಿಗೆ ಹಾಗೇ ಇರುತ್ತದೆ. ಬದಲಾಗುವುದು ಅವುಗಳ ನಡವಳಿಕೆ ಮತ್ತು ಅವು ಹೋಗಿ ಸೇರುವ ಜಾಗ. ಇನ್ನೊಂದು ವಿಷಯ ಗಮನಿಸಿ: ದೇಹದಲ್ಲಿರುವ ಒಟ್ಟು ಲಿಂಫೋಸೈಟ್‌ಗಳಲ್ಲಿ ಯಾವುದೇ ಹೊತ್ತಿನಲ್ಲಿ ರಕ್ತದಲ್ಲಿ ಓಡಾಡುತ್ತಿರುವುದು ಸುಮಾರು ಶೇ. 2ರಷ್ಟು ಮಾತ್ರ. ಉಳಿದವು ದುಗ್ಧಗ್ರಂಥಿ (ಲಿಂಫ್ ನೋಡ್), ಗುಲ್ಮ (ಸ್ಪ್ಲೀನ್), ಕರುಳು, ಮೂಳೆಮಜ್ಜೆಗಳಲ್ಲಿ ಇರುತ್ತವೆ. ತೋಳಿನಿಂದ ತೆಗೆದ ಒಂದು ಟ್ಯೂಬ್ ರಕ್ತ ಮೆದುಳಿನೊಳಗಿನ ಗಲಾಟೆಯನ್ನು ಹೇಳಬೇಕು ಅಂತ ನಿರೀಕ್ಷಿಸುವುದೇ ತಪ್ಪು.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಮೆದುಳು ಮತ್ತು ಬೆನ್ನುಹುರಿಯ ನರತಂತುಗಳ ಸುತ್ತ ಮೈಲಿನ್ ಅನ್ನುವ ಕೊಬ್ಬಿನ ಪದರ ಇರುತ್ತದೆ, ಸಂಕೇತಗಳು ವೇಗವಾಗಿ ಓಡುವುದು ಅದರಿಂದಲೇ. ಎಂಎಸ್‌ನಲ್ಲಿ ಆ ಪದರ ಅಲ್ಲಲ್ಲಿ ಕಿತ್ತುಹೋಗುತ್ತದೆ, ದಿನ ಕಳೆದಂತೆ ಒಳಗಿನ ತಂತುವೂ ಹಾಳಾಗುತ್ತದೆ. ಯಾವ ಜಾಗಕ್ಕೆ ಪೆಟ್ಟು ಬಿತ್ತು ಅನ್ನುವುದರ ಮೇಲೆ ಲಕ್ಷಣ. ಒಬ್ಬರಿಗೆ ಒಂದು ಕಣ್ಣು ಮಂಜಾಗುತ್ತದೆ, ಇನ್ನೊಬ್ಬರಿಗೆ ಕಾಲು ಜೋಮು ಹಿಡಿಯುತ್ತದೆ, ಮತ್ತೊಬ್ಬರಿಗೆ ಮೂತ್ರದ ಹಿಡಿತ ತಪ್ಪುತ್ತದೆ. 1868ರಲ್ಲಿ ಪ್ಯಾರಿಸ್‌ನಲ್ಲಿ ಜೀನ್-ಮಾರ್ಟಿನ್ ಶಾರ್ಕೋ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ವಿವರಿಸಿದರು. ಇವತ್ತು ಜಗತ್ತಿನಲ್ಲಿ ಸುಮಾರು 29 ಲಕ್ಷ ಜನರಿಗೆ ಇದು ಇದೆ ಅಂತ ಅಂದಾಜು. ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಜಾಸ್ತಿ, ಹೆಚ್ಚಾಗಿ 20ರಿಂದ 40ರ ವಯಸ್ಸಿನಲ್ಲಿ ಶುರು.

ಈಗ ಟಿ ಕೋಶಗಳಿಗೆ ಬರೋಣ, ಇವು ಲಿಂಫೋಸೈಟ್‌ಗಳ ಒಂದು ಬಗೆ. ಹಳೆಯ ವಿವರಣೆಯ ಪ್ರಕಾರ ಮೈಲಿನ್ ಅನ್ನು ಶತ್ರು ಅಂತ ಗುರುತಿಸುವ ಕೆಟ್ಟ ಟಿ ಕೋಶಗಳು ಎಂಎಸ್ ಇರುವವರಲ್ಲಿ ಹುಟ್ಟಿಕೊಳ್ಳುತ್ತವೆ, ಆರೋಗ್ಯವಂತರಲ್ಲಿ ಇರುವುದಿಲ್ಲ. ಹಾಗಲ್ಲ. ಮೈಲಿನ್ ಗುರುತಿಸುವ ಟಿ ಕೋಶಗಳು ಆರೋಗ್ಯವಂತರ ರಕ್ತದಲ್ಲೂ ಇವೆ. ಸ್ವಂತ ದೇಹಕ್ಕೆ ತಿರುಗಿಬೀಳಬಹುದಾದ ಕೋಶಗಳನ್ನು ಎದೆಯ ಥೈಮಸ್ ಗ್ರಂಥಿ ಚಿಕ್ಕಂದಿನಲ್ಲೇ ಸೋಸಿ ತೆಗೆಯುತ್ತದೆ, ನಿಜ, ಆದರೆ ಆ ಸೋಸುವಿಕೆ ಯಾರಲ್ಲೂ ಪೂರ್ತಿ ಆಗುವುದಿಲ್ಲ. ನನ್ನೊಳಗೂ ಇವೆ, ನಿಮ್ಮೊಳಗೂ ಇವೆ, ಸುಮ್ನೆ ಬಿದ್ದುಕೊಂಡಿವೆ.

ವ್ಯತ್ಯಾಸ ಇರುವುದು ಅವುಗಳ ಸ್ಥಿತಿಯಲ್ಲಿ. ಟಿ ಕೋಶ ಕೆರಳಬೇಕಾದರೆ ಸಾಮಾನ್ಯವಾಗಿ ಎರಡು ಸೂಚನೆ ಬೇಕು: ಗುರುತಿಸಬೇಕಾದ ವಸ್ತು ಎದುರಿಗೆ ಬರಬೇಕು, ಜೊತೆಗೆ "ಇದು ಅಪಾಯ" ಅನ್ನುವ ಇನ್ನೊಂದು ಸಂಕೇತ ಸಿಗಬೇಕು. ಎಂಎಸ್ ಇರುವವರ ಮೈಲಿನ್-ವಿರೋಧಿ ಕೋಶಗಳು ಆ ಎರಡನೇ ಸಂಕೇತಕ್ಕೆ ಅಷ್ಟಾಗಿ ಕಾಯುವುದಿಲ್ಲ. ಒಮ್ಮೆ ಕೆರಳಿ ಅನುಭವ ಪಡೆದ ಕೋಶದ ಲಕ್ಷಣ ಇದು. ಅವುಗಳಲ್ಲಿ ಕೆಲವು ಗಾಮಾ ಇಂಟರ್‌ಫೆರಾನ್ ಅನ್ನುವ ರಾಸಾಯನಿಕ ಸುರಿಸುವ ಟಿಎಚ್1 ಗುಂಪಿಗೆ, ಕೆಲವು ಇಂಟರ್‌ಲ್ಯೂಕಿನ್-17 ಸುರಿಸುವ ಟಿಎಚ್17 ಗುಂಪಿಗೆ ತಿರುಗಿರುತ್ತವೆ. ಮೆದುಳಿನ ಗಾಯಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಹಾಯಕ ಟಿ ಕೋಶಗಳಾದ ಸಿಡಿ4ಗಳಿಗಿಂತ ಕೊಲ್ಲುವ ಟಿ ಕೋಶಗಳಾದ ಸಿಡಿ8ಗಳೇ ಜಾಸ್ತಿ ಕಾಣುತ್ತವೆ, ಅದೂ ಒಂದೇ ಮೂಲಕೋಶದಿಂದ ಹುಟ್ಟಿ ಗುಂಪುಗುಂಪಾಗಿ ಬೆಳೆದಂತೆ. ಅಂದರೆ ಅವು ದಾರಿ ತಪ್ಪಿ ಅಲ್ಲಿಗೆ ಬಂದವಲ್ಲ, ಯಾವುದೋ ಒಂದು ಗುರಿಯನ್ನು ಗುರುತಿಸಿಯೇ ಹೆಚ್ಚಾಗಿವೆ.

ಇವನ್ನು ತಡೆಯಬೇಕಾದ ಕೋಶಗಳೂ ನಮ್ಮಲ್ಲಿವೆ. ನಿಯಂತ್ರಕ ಟಿ ಕೋಶ, ಚಿಕ್ಕದಾಗಿ ಟಿ-ರೆಗ್. ಇವೇ ಕಡಿಮೆಯಾಗಿರಬೇಕು ಅಂತ ಊಹಿಸುವುದು ಸಹಜ, ಅಲ್ವಾ? ಆದರೆ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕರು ಎಣಿಸಿ ನೋಡಿದಾಗ ಸಂಖ್ಯೆ ಆರೋಗ್ಯವಂತರಷ್ಟೇ ಇತ್ತು. ಪ್ರಯೋಗಾಲಯದ ತಟ್ಟೆಯಲ್ಲಿ ಬೇರೆ ಟಿ ಕೋಶಗಳ ಜೊತೆ ಸೇರಿಸಿ ನೋಡಿದಾಗ ಮಾತ್ರ, ಎಂಎಸ್ ಇರುವವರ ಟಿ-ರೆಗ್‌ಗಳು ಅವನ್ನು ಸರಿಯಾಗಿ ತಡೆಯಲಿಲ್ಲ. ಎಣಿಸಿದರೆ ಸಿಗದ, ಕೆಲಸಕ್ಕೆ ಹಚ್ಚಿದಾಗ ಮಾತ್ರ ಕಾಣುವ ದೋಷ ಇದು.

ಇದಕ್ಕಿಂತ ಗಟ್ಟಿ ಸಾಕ್ಷಿ ಬಂದದ್ದು ಅವಳಿಗಳಿಂದ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಎಂಎಸ್ ಇದ್ದರೆ ಇನ್ನೊಬ್ಬರಿಗೂ ಬರುವುದು ನಾಲ್ಕರಲ್ಲಿ ಸುಮಾರು ಒಂದು ಜೋಡಿಯಲ್ಲಿ ಮಾತ್ರ. ಒಬ್ಬರಿಗೆ ಕಾಯಿಲೆ ಇದ್ದು ಇನ್ನೊಬ್ಬರಿಗೆ ಇಲ್ಲದ ಇಂಥ 61 ಜೋಡಿಗಳ ರಕ್ತವನ್ನು ಕೋಶ ಕೋಶವಾಗಿ ಹೋಲಿಸಿದ ಅಧ್ಯಯನ 2022ರಲ್ಲಿ ಬಂತು. ವಂಶವಾಹಿ ಒಂದೇ, ಹುಟ್ಟಿದ ಹೊತ್ತು ಒಂದೇ, ಬೆಳೆದ ಮನೆಯೂ ಬಹುಮಟ್ಟಿಗೆ ಒಂದೇ. ಹೀಗಿರುವಾಗ ಉಳಿಯುವ ವ್ಯತ್ಯಾಸಕ್ಕೆ ಬೆಲೆ ಜಾಸ್ತಿ. ಉಳಿದದ್ದು ಏನು ಗೊತ್ತಾ? ಎಂಎಸ್ ಇರುವವರ ಮೊನೋಸೈಟ್ ಅನ್ನುವ ಬಿಳಿ ರಕ್ತಕಣಗಳಲ್ಲಿ ಉರಿಯೂತದ ಕಡೆಗೆ ಒಂದು ವಾಲು, ಮತ್ತು ಇನ್ನೂ ಪೂರ್ತಿ ಬಲಿಯದ ಸಹಾಯಕ ಟಿ ಕೋಶಗಳ ಒಂದು ಗುಂಪು ಇಂಟರ್‌ಲ್ಯೂಕಿನ್-2 ಅನ್ನುವ ಸಂಕೇತಕ್ಕೆ ಮಿತಿಮೀರಿ ಪ್ರತಿಕ್ರಿಯಿಸುವುದು. ರಕ್ತಕಣಗಳನ್ನು ಎಣಿಸುವ ಮಾಮೂಲಿ ಸಿಬಿಸಿ ರಿಪೋರ್ಟ್‌ನಲ್ಲಿ ಇದಾವುದಕ್ಕೂ ಕಾಲಂ ಇಲ್ಲ.

ಔಷಧಿ ಶುರುವಾದ ಮೇಲೆ ರಿಪೋರ್ಟ್ ಇನ್ನೂ ಗೊಂದಲ ಮಾಡುತ್ತದೆ. ಎರಡು ರಿಪೋರ್ಟ್ ಪಕ್ಕಪಕ್ಕ ಇಟ್ಟುಕೊಳ್ಳಿ. ಮೊದಲನೆಯದು ಫಿಂಗೋಲಿಮಾಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರದ್ದು. ಲಿಂಫೋಸೈಟ್ ಸಾಲಿನಲ್ಲಿ ಮೈಕ್ರೋಲೀಟರ್‌ಗೆ 500 ಅಂತ ಇದೆ, ಪಕ್ಕದಲ್ಲಿ ಕೆಂಪು ಬಾಣ ಕೆಳಗೆ ತೋರಿಸುತ್ತಿದೆ, ಏಕೆಂದರೆ ನಾರ್ಮಲ್ ಅಂದರೆ 1000ಕ್ಕಿಂತ ಮೇಲಿರಬೇಕು. ಎರಡನೆಯದು ನಟಾಲಿಜುಮಾಬ್ ಡ್ರಿಪ್ ಹಾಕಿಸಿಕೊಳ್ಳುತ್ತಿರುವವರದ್ದು. ಅದರಲ್ಲಿ ಲಿಂಫೋಸೈಟ್ ಮೊದಲಿಗಿಂತ ಏರಿದೆ. ಇಬ್ಬರಿಗೂ ಎಂಎಸ್, ಇಬ್ಬರಿಗೂ ರಿಲ್ಯಾಪ್ಸ್ (ಕಾಯಿಲೆ ಆಗಾಗ ಮರುಕಳಿಸುವುದು) ನಿಂತಿದೆ. ಒಬ್ಬರ ಎಣಿಕೆ ಇಳಿದಿದೆ, ಇನ್ನೊಬ್ಬರದ್ದು ಏರಿದೆ.

ಕಾರಣ ಸರಳ. ಫಿಂಗೋಲಿಮಾಡ್ ಕೋಶಗಳನ್ನು ಕೊಲ್ಲುವುದಿಲ್ಲ. ಲಿಂಫೋಸೈಟ್ ದುಗ್ಧಗ್ರಂಥಿಯಿಂದ ಹೊರಗೆ ಬರಲು ಎಸ್1ಪಿ ಅನ್ನುವ ಸಂಕೇತ ಹಿಡಿಯಬೇಕು, ಈ ಮಾತ್ರೆ ಆ ಸಂಕೇತ ಹಿಡಿಯುವ ಗ್ರಾಹಕವನ್ನೇ ಕೋಶದ ಮೇಲ್ಮೈಯಿಂದ ಇಲ್ಲದಂತೆ ಮಾಡುತ್ತದೆ. ಕೋಶಗಳು ಗ್ರಂಥಿಯೊಳಗೇ ಉಳಿದುಬಿಡುತ್ತವೆ, ರಕ್ತದಲ್ಲಿ ಎಣಿಕೆ ಮೊದಲಿದ್ದುದರ ಶೇ. 20-30ಕ್ಕೆ ಇಳಿಯುತ್ತದೆ. ನಟಾಲಿಜುಮಾಬ್ ತಡೆಯುವುದು ಇನ್ನೊಂದು ತುದಿಯಲ್ಲಿ. ಮೆದುಳಿನ ರಕ್ತನಾಳದ ಗೋಡೆಗೆ ಅಂಟಿಕೊಂಡು ಒಳಗೆ ನುಗ್ಗಲು ಕೋಶಕ್ಕೆ ಆಲ್ಫಾ-4 ಇಂಟೆಗ್ರಿನ್ ಅನ್ನುವ ಅಂಟುವ ಪ್ರೋಟೀನ್ ಬೇಕು, ಅದು ಮುಚ್ಚಿಹೋಗುತ್ತದೆ, ಒಳಗೆ ಹೋಗಲಾಗದ ಕೋಶಗಳು ರಕ್ತದಲ್ಲೇ ಸುತ್ತುತ್ತಿರುತ್ತವೆ. ಎಣಿಕೆ ಏರಿದ್ದು ಅದಕ್ಕೇ. ಹಾಗಂತ ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. 2004ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ನಟಾಲಿಜುಮಾಬ್ ಅನ್ನು 2005ರ ಫೆಬ್ರವರಿಯಲ್ಲೇ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು, ಏಕೆಂದರೆ ಮೆದುಳಿಗೆ ಕಾವಲು ತಪ್ಪಿದ್ದರಿಂದ ಜೆಸಿ ವೈರಸ್ ಎದ್ದು ಪಿಎಂಎಲ್ ಅನ್ನುವ ಮಾರಕ ಸೋಂಕು ಕೆಲವರಿಗೆ ಬಂತು. 2006ರಲ್ಲಿ ಕಟ್ಟುನಿಟ್ಟಿನ ನಿಗಾ ಜೊತೆ ಅದು ಮರಳಿತು. ಈ ಎರಡೂ ಔಷಧಿಗಳನ್ನು ತಾವೇ ದಿಢೀರಂತ ನಿಲ್ಲಿಸಬಾರದು ಅನ್ನುವುದರ ಕಾರಣವೂ ಇಲ್ಲೇ ಇದೆ. ಕೋಶಗಳು ಸತ್ತಿಲ್ಲ, ತಡೆ ತೆಗೆದರೆ ಒಟ್ಟಿಗೆ ಹೊರಡುತ್ತವೆ, ಕಾಯಿಲೆ ಮೊದಲಿಗಿಂತ ಜೋರಾಗಿ ಮರಳಬಹುದು.

ಇಮ್ಯುನಿಟಿ ಹೆಚ್ಚಿಸಿಕೊಳ್ಳಿ ಅನ್ನುವ ಸಲಹೆಯ ಬಗ್ಗೆ ಹೇಳಲೇಬೇಕು. ಸಲಹೆ ಕೊಡುವವರ ಕಾಳಜಿ ಮೇಲೆ ನನಗೆ ಅನುಮಾನವಿಲ್ಲ, ಆದರೆ ಎಂಎಸ್ ಇರುವವರಿಗೆ ಇದು ಅಪಾಯದ ಮಾತು. ಗಾಮಾ ಇಂಟರ್‌ಫೆರಾನ್ ರೋಗನಿರೋಧಕ ಕೋಶಗಳನ್ನು ಹುರಿದುಂಬಿಸುವ ವಸ್ತು, ವೈರಸ್ ವಿರುದ್ಧ ಹೋರಾಡಲು ಬೇಕಾದದ್ದು. ಎಂಎಸ್‌ಗೆ ವೈರಸ್ ಕಾರಣ ಇರಬಹುದು ಅನ್ನುವ ಯೋಚನೆಯಲ್ಲಿ ಅದನ್ನು 18 ರೋಗಿಗಳಿಗೆ ಕೊಟ್ಟು ನೋಡಿದರು. 1987ರಲ್ಲಿ ಫಲಿತಾಂಶ ಪ್ರಕಟವಾಯಿತು: ಕೊಡುತ್ತಿದ್ದ ಅವಧಿಯಲ್ಲೇ 7 ಜನರಿಗೆ ಕಾಯಿಲೆ ಉಲ್ಬಣಿಸಿತು. ಚಿಕಿತ್ಸೆಗೆ ಬಳಸುವ ಬೀಟಾ ಇಂಟರ್‌ಫೆರಾನ್ ಬೇರೆ, ಅದು ಉರಿಯೂತ ತಗ್ಗಿಸುತ್ತದೆ, ಹೆಸರು ಒಂದೇ ಥರ ಇದ್ದರೂ ಕೆಲಸ ಉಲ್ಟಾ.

ಇಮ್ಯುನಿಟಿಯನ್ನು ಅದುಮಿದರೆ ಸಾಕು ಅನ್ನುವುದೂ ನಿಜವಲ್ಲ, ಇದು ಇನ್ನೂ ಮುಖ್ಯ. ಟಿಎನ್‌ಎಫ್ ಅನ್ನುವ ಉರಿಯೂತದ ರಾಸಾಯನಿಕ ತಡೆಯುವ ಔಷಧಿಗಳು ಸಂಧಿವಾತದಲ್ಲಿ ಅದ್ಭುತವಾಗಿ ಕೆಲಸ ಮಾಡುತ್ತವೆ. ಎಂಎಸ್‌ನಲ್ಲೂ ಟಿಎನ್‌ಎಫ್ ಏರಿರುತ್ತದೆ. ಹಾಗಾಗಿ ಲೆನರ್ಸೆಪ್ಟ್ ಅನ್ನುವ ಟಿಎನ್‌ಎಫ್ ತಡೆಗಾರನನ್ನು 168 ರೋಗಿಗಳಲ್ಲಿ ಪರೀಕ್ಷಿಸಿದರು, ಫಲಿತಾಂಶ 1999ರಲ್ಲಿ ಬಂತು. ಔಷಧಿ ತೆಗೆದುಕೊಂಡವರಿಗೇ ರಿಲ್ಯಾಪ್ಸ್ ಜಾಸ್ತಿ ಆಗಿತ್ತು. ಅಟಾಸಿಸೆಪ್ಟ್ ಇನ್ನೊಂದು. ಬಿ ಕೋಶಗಳು (ಬಲಿತ ಮೇಲೆ ಪ್ರತಿಕಾಯ ತಯಾರಿಸುವ ಇನ್ನೊಂದು ಬಗೆಯ ಲಿಂಫೋಸೈಟ್) ಬಲಿಯಲು ಬೇಕಾದ ಪೋಷಕ ವಸ್ತುಗಳನ್ನು ತಡೆದು ಪ್ರತಿಕಾಯ ಇಳಿಸುವ ಔಷಧಿ ಅದು, ಅದರಲ್ಲೂ ರಿಲ್ಯಾಪ್ಸ್ ಹೆಚ್ಚಿ 2009ರಲ್ಲಿ ಪ್ರಯೋಗ ನಿಂತಿತು. ಈ ಪ್ರಯೋಗಗಳಲ್ಲಿ ಪಾಲ್ಗೊಂಡವರು ತಮ್ಮ ದೇಹ ಒಡ್ಡಿ ಕಲಿಸಿದ ಪಾಠ ದೊಡ್ಡದು. ಒಂದೇ ರಾಸಾಯನಿಕ ಒಂದು ಜಾಗದಲ್ಲಿ ಸುಡುತ್ತದೆ, ಇನ್ನೊಂದು ಜಾಗದಲ್ಲಿ ಕಾಯುತ್ತದೆ. ಬಿ ಕೋಶ ಅಂದರೆ ಎಲ್ಲವೂ ಒಂದೇ ಅಲ್ಲ, ಕೆಲವು ಕೆರಳಿಸುತ್ತವೆ, ಕೆಲವು ಶಮನ ಮಾಡುತ್ತವೆ.

ಬಿ ಕೋಶಗಳ ವಿಷಯದಲ್ಲೇ ನಮ್ಮ ತಿಳಿವಳಿಕೆ ಅತಿ ಹೆಚ್ಚು ಬದಲಾದದ್ದು. ಎಂಎಸ್ ಅನುಮಾನ ಬಂದಾಗ ಸೊಂಟದ ಹತ್ತಿರ ಸೂಜಿ ಹಾಕಿ ಬೆನ್ನುಹುರಿಯ ದ್ರವ ತೆಗೆಯುತ್ತಾರಲ್ಲ, ಲ್ಯಾಬ್‌ನಲ್ಲಿ ಆ ದ್ರವವನ್ನೂ ಅದೇ ವ್ಯಕ್ತಿಯ ರಕ್ತದ ಸೀರಂ ಅನ್ನೂ ಜೆಲ್ ಮೇಲೆ ಅಕ್ಕಪಕ್ಕ ಓಡಿಸುತ್ತಾರೆ. ದ್ರವದ ಸಾಲಿನಲ್ಲಿ ತೆಳ್ಳನೆಯ ಪಟ್ಟಿಗಳು ಒಂದರ ಕೆಳಗೊಂದು ಸ್ಪಷ್ಟವಾಗಿ ಕಾಣುತ್ತವೆ, ರಕ್ತದ ಸಾಲಿನಲ್ಲಿ ಆ ಜಾಗದಲ್ಲಿ ಮಸುಕು ಬಿಟ್ಟರೆ ಏನೂ ಇಲ್ಲ. ಆಲಿಗೋಕ್ಲೋನಲ್ ಬ್ಯಾಂಡ್ ಅಂದರೆ ಇವೇ. ಕೆಲವೇ ಕುಲದ ಕೋಶಗಳು ಮೆದುಳಿನ ಆವರಣದೊಳಗೇ ನೆಲೆಸಿ ಪ್ರತಿಕಾಯ ತಯಾರಿಸುತ್ತಿವೆ ಅಂತ ಅರ್ಥ. ಎಂಎಸ್ ಇರುವ ಸುಮಾರು ಶೇ. 90 ಜನರಲ್ಲಿ ಇವು ಸಿಗುತ್ತವೆ. ಇದನ್ನು ನೋಡಿ ತುಂಬಾ ವರ್ಷ ಎಲ್ಲರೂ ಅಂದುಕೊಂಡದ್ದು, ಬಿ ಕೋಶಗಳಿಂದ ಕೆಡುಕೇನಾದರೂ ಆದರೆ ಅದು ಪ್ರತಿಕಾಯದಿಂದ, ಮುಖ್ಯ ಅಪರಾಧಿ ಟಿ ಕೋಶವೇ ಅಂತ.

2008ರಲ್ಲಿ ರಿಟುಕ್ಸಿಮಾಬ್ ಪ್ರಯೋಗದ ಫಲಿತಾಂಶ ಬಂದಾಗ ಆ ನಂಬಿಕೆ ಅಲುಗಾಡಿತು. ಪ್ರಯೋಗ ಚಿಕ್ಕದು, ಒಟ್ಟು 104 ಜನ. ಔಷಧಿ ಸಿಡಿ20 ಗುರುತು ಇರುವ ಬಿ ಕೋಶಗಳನ್ನು ರಕ್ತದಿಂದ ತೆಗೆದುಹಾಕುತ್ತದೆ. ಎಂಆರ್‌ಐನಲ್ಲಿ ಹೊಳೆಯುವ ಹೊಸ ಉರಿಯೂತದ ಗಾಯಗಳು ಡಮ್ಮಿ ಔಷಧಿ ಪಡೆದವರಿಗೆ ಹೋಲಿಸಿದರೆ ಶೇ. 91 ಇಳಿದವು, ಅದೂ ಕೆಲವೇ ವಾರಗಳಲ್ಲಿ ಪರಿಣಾಮ ಕಾಣಿಸಿತು. ಮಜಾ ಏನೆಂದರೆ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳ ಮೇಲೆ ಸಿಡಿ20 ಇರುವುದೇ ಇಲ್ಲ, ಅವು ಹಾಗೇ ಉಳಿದಿದ್ದವು. ಪ್ರತಿಕಾಯ ಇಳಿಯುವ ಮೊದಲೇ ಕಾಯಿಲೆ ತಗ್ಗಿತು ಅಂದಮೇಲೆ ಬಿ ಕೋಶದ ಅಪರಾಧ ಬೇರೆಯೇ ಇರಬೇಕು. ಅದು ಟಿ ಕೋಶದ ಮುಂದೆ ಪ್ರೋಟೀನ್ ತುಣುಕು ಹಿಡಿದು ತೋರಿಸುತ್ತದೆ, ಅದನ್ನು ಕೆರಳಿಸುವ ರಾಸಾಯನಿಕ ಸುರಿಸುತ್ತದೆ. ಟಿ ಕೋಶ ಮೆದುಳಿಗೆ ಹೋಗಿ ಹಾಳು ಮಾಡುವುದು ನಿಜವೇ, ಅದನ್ನು ಕೆರಳಿಸಿ ಕಳಿಸುವವರಲ್ಲಿ ಬಿ ಕೋಶ ಪ್ರಮುಖ.

2017ರ ಮಾರ್ಚ್‌ನಲ್ಲಿ ಅದೇ ಬಗೆಯ ಒಕ್ರೆಲಿಜುಮಾಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬೀಟಾ ಇಂಟರ್‌ಫೆರಾನ್‌ಗೆ ಹೋಲಿಸಿದರೆ ರಿಲ್ಯಾಪ್ಸ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಈ ಗುಂಪಿನ ಔಷಧಿ ಪಡೆಯುವವರಿಗೆ ಒಂದು ಪ್ರಾಯೋಗಿಕ ವಿಷಯ ಹೇಳಬೇಕು: ಬಿ ಕೋಶ ಇಲ್ಲದಿದ್ದಾಗ ಲಸಿಕೆ ಹಾಕಿಸಿಕೊಂಡರೆ ಪ್ರತಿಕಾಯ ಕಡಿಮೆ ಹುಟ್ಟುತ್ತದೆ, ಟಿ ಕೋಶಗಳ ಪ್ರತಿಕ್ರಿಯೆ ಮಾತ್ರ ಬಹುಮಟ್ಟಿಗೆ ಉಳಿಯುತ್ತದೆ. ಆದ್ದರಿಂದ ಸಾಧ್ಯವಿದ್ದರೆ ಚಿಕಿತ್ಸೆ ಶುರುವಾಗುವ ಮೊದಲೇ ಬೇಕಾದ ಲಸಿಕೆ ಮುಗಿಸಿಕೊಳ್ಳುವುದು ಒಳ್ಳೆಯದು. ವರ್ಷಗಟ್ಟಲೆ ತೆಗೆದುಕೊಂಡರೆ ರಕ್ತದ ಐಜಿಜಿ ಅನ್ನುವ ಪ್ರತಿಕಾಯ ನಿಧಾನವಾಗಿ ಇಳಿಯಬಹುದು, ಸೋಂಕು ಪದೇ ಪದೇ ಬರುತ್ತಿದ್ದರೆ ಆ ಪರೀಕ್ಷೆ ಕೇಳಿ. ಎಂಎಸ್‌ನಲ್ಲಿ ರಕ್ತಪರೀಕ್ಷೆಗೆ ನಿಜವಾದ ಬೆಲೆ ಇರುವುದು ಹೀಗೆ ಔಷಧಿಯ ಸುರಕ್ಷತೆ ನೋಡಲು. ಕಾಯಿಲೆ ಇದೆಯೋ ಇಲ್ಲವೋ, ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ತಿಳಿಯಲು ದುಡ್ಡು ಕೊಟ್ಟು ಸಿಡಿ4-ಸಿಡಿ8 ಎಣಿಸಿಕೊಳ್ಳುವುದರಿಂದ ಪ್ರಯೋಜನವಿಲ್ಲ.

ಇಷ್ಟೆಲ್ಲ ಕೆರಳಿಸಿದ್ದು ಯಾವುದು ಅನ್ನುವ ಪ್ರಶ್ನೆಗೆ 2022ರಲ್ಲಿ ದೊಡ್ಡ ಸುಳಿವು ಸಿಕ್ಕಿತು. ಅಮೆರಿಕದ ಸೇನೆಯ 1 ಕೋಟಿಗೂ ಹೆಚ್ಚು ಜನರ ದಾಖಲೆ ಮತ್ತು ಕೂಡಿಟ್ಟ ರಕ್ತದ ಮಾದರಿಗಳನ್ನು ಸಂಶೋಧಕರು ನೋಡಿದರು. ಮಾದರಿ ಲಭ್ಯವಿದ್ದು ಎಂಎಸ್ ಬಂದವರು 801 ಜನ. ಅವರಲ್ಲಿ 35 ಜನರ ಮೊದಲ ಮಾದರಿಯಲ್ಲಿ ಎಪ್‌ಸ್ಟೀನ್-ಬಾರ್ ವೈರಸ್‌ನ ಗುರುತು ಇರಲಿಲ್ಲ. ಎಂಎಸ್ ಶುರುವಾಗುವ ಹೊತ್ತಿಗೆ ಆ 35ರಲ್ಲಿ 34 ಜನರಿಗೆ ಸೋಂಕು ತಗಲಿತ್ತು. ಸೋಂಕಿನ ನಂತರ ಎಂಎಸ್‌ನ ಅಪಾಯ 32 ಪಟ್ಟು ಏರಿತ್ತು, ಬೇರೆ ವೈರಸ್‌ಗಳಿಗೆ ಈ ಪರಿಣಾಮ ಇರಲಿಲ್ಲ. ಈ ವೈರಸ್ ಜೀವನವಿಡೀ ಅಡಗಿ ಕೂರುವುದು ಎಲ್ಲಿ? ನೆನಪಿನ ಬಿ ಕೋಶಗಳಲ್ಲಿ. ಸಿಡಿ20 ಔಷಧಿಗಳು ತೆಗೆದುಹಾಕುವುದೂ ಆ ಕೋಶಗಳನ್ನೇ. ಅದೇ ವರ್ಷ ಇನ್ನೊಂದು ತಂಡ, ಎಂಎಸ್ ರೋಗಿಯ ಬೆನ್ನುಹುರಿ ದ್ರವದ ಬಿ ಕೋಶಗಳಿಂದ ಪಡೆದ ಒಂದು ಪ್ರತಿಕಾಯ ವೈರಸ್‌ನ ಇಬಿಎನ್‌ಎ1 ಪ್ರೋಟೀನ್‌ಗೂ ಮೆದುಳಿನ ಗ್ಲಿಯಲ್‌ಕ್ಯಾಮ್ ಪ್ರೋಟೀನ್‌ಗೂ ಅಂಟುತ್ತದೆ ಅಂತ ತೋರಿಸಿತು. ಆದರೆ ವೈರಸ್ ಒಂದೇ ಸಾಲದು. ಜಗತ್ತಿನ ವಯಸ್ಕರಲ್ಲಿ ಶೇ. 90ಕ್ಕಿಂತ ಜಾಸ್ತಿ ಜನರಲ್ಲಿ ಅದು ಇದೆ, ಎಂಎಸ್ ಬರುವುದು ತೀರಾ ಕೆಲವರಿಗೆ. ಎಚ್‌ಎಲ್‌ಎ-ಡಿಆರ್‌ಬಿ1*15:01 ಅನ್ನುವ ವಂಶವಾಹಿ ರೂಪ ಇದ್ದರೆ ಅಪಾಯ ಸುಮಾರು ಮೂರು ಪಟ್ಟು, ಅದರ ಮೇಲೆ ಧೂಮಪಾನ, ವಿಟಮಿನ್ ಡಿ ಕೊರತೆ, ಹದಿಹರೆಯದ ಬೊಜ್ಜು ಸೇರಿಕೊಳ್ಳುತ್ತವೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹೊರಗಿನಿಂದ ಮೆದುಳಿಗೆ ನುಗ್ಗುವ ಕೋಶಗಳ ವಿಷಯ. ಇವುಗಳ ಮೇಲೆ ಔಷಧಿಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೂ ಕೆಲವರಿಗೆ ಒಂದೂ ರಿಲ್ಯಾಪ್ಸ್ ಇಲ್ಲದೆ, ಎಂಆರ್‌ಐನಲ್ಲಿ ಒಂದೂ ಹೊಸ ಗಾಯ ಇಲ್ಲದೆ, ವರ್ಷದಿಂದ ವರ್ಷಕ್ಕೆ ನಡಿಗೆ ನಿಧಾನವಾಗುತ್ತಾ ಹೋಗುತ್ತದೆ. "ರಿಪೋರ್ಟ್ ಎಲ್ಲಾ ಚೆನ್ನಾಗಿದೆ" ಅಂತ ಕೇಳಿಸಿಕೊಂಡು, ಮೆಟ್ಟಿಲು ಹತ್ತಲು ಹೋದ ವರ್ಷಕ್ಕಿಂತ ಕಷ್ಟ ಅಂತ ತಮಗೆ ಮಾತ್ರ ಗೊತ್ತಿರುವ ಆ ಜನರ ಮಾತನ್ನು ನಂಬಬೇಕು. ಅವರು ಹೇಳುವುದಕ್ಕೆ ಕಾರಣ ಇದೆ, ಅದು ಕೋಶಮಟ್ಟದಲ್ಲೇ ಇದೆ.

ಮೆದುಳಿಗೆ ತನ್ನದೇ ನಿವಾಸಿ ರೋಗನಿರೋಧಕ ಕೋಶಗಳಿವೆ, ಮೈಕ್ರೋಗ್ಲಿಯಾ ಅಂತ. ಹಳೆಯ ಗಾಯದ ಅಂಚಿನಲ್ಲಿ ಇವು ಉಂಗುರದಂತೆ ಸೇರಿ, ಕಬ್ಬಿಣ ತುಂಬಿಕೊಂಡು, ಸುತ್ತಲಿನ ಮೈಲಿನ್ ಅನ್ನು ನಿಧಾನವಾಗಿ ಸುಡುತ್ತಾ ಇರುತ್ತವೆ. ರಕ್ತನಾಳದ ಗೋಡೆ ಆ ಹೊತ್ತಿಗೆ ಮತ್ತೆ ಮುಚ್ಚಿಕೊಂಡಿರುತ್ತದೆ, ಆದ್ದರಿಂದ ಮಾಮೂಲಿ ಎಂಆರ್‌ಐನ ಕಾಂಟ್ರಾಸ್ಟ್ ಇಂಜೆಕ್ಷನ್‌ಗೆ ಇವು ಹೊಳೆಯುವುದಿಲ್ಲ. ದೊಡ್ಡ ಅಣುಗಳ ಪ್ರತಿಕಾಯ ಔಷಧಿಗಳೂ ಒಳಗೆ ಹೋಗುವುದು ತೀರಾ ಕಡಿಮೆ. ಮೆದುಳಿನ ಹೊದಿಕೆಯಲ್ಲಿ ಬಿ ಕೋಶಗಳು ಗುಂಪುಗಟ್ಟಿ ನೆಲೆಸಿರುವುದೂ ಕೆಲವರಲ್ಲಿ ಕಂಡುಬಂದಿದೆ.

ವಂಶವಾಹಿ ಅಧ್ಯಯನಗಳೂ ಇದೇ ಕಡೆ ಬೆರಳು ತೋರಿಸುತ್ತವೆ. 2019ರ ಹೊತ್ತಿಗೆ ಎಂಎಸ್ ಬರುವ ಅಪಾಯಕ್ಕೆ ಸಂಬಂಧಿಸಿದ 233 ತಾಣಗಳು ನಮ್ಮ ಡಿಎನ್‌ಎಯಲ್ಲಿ ಸಿಕ್ಕಿದ್ದವು, ಬಹುಪಾಲು ರೋಗನಿರೋಧಕ ಕೋಶಗಳಲ್ಲಿ ಕೆಲಸ ಮಾಡುವಂಥವು. 2023ರಲ್ಲಿ ಬೇರೆ ಪ್ರಶ್ನೆ ಕೇಳಿದರು: ಬಂದಮೇಲೆ ಎಷ್ಟು ಬೇಗ ಅಂಗವೈಕಲ್ಯ ಬರುತ್ತದೆ ಅನ್ನುವುದನ್ನು ನಿರ್ಧರಿಸುವುದು ಯಾವುದು? ಆಗ ಸಿಕ್ಕಿದ್ದು ಮೆದುಳು ಮತ್ತು ಬೆನ್ನುಹುರಿಯ ಕೋಶಗಳಿಗೆ ಸಂಬಂಧಿಸಿದ ತಾಣ. ಆ ತಾಣದಲ್ಲಿ ಅಪಾಯದ ರೂಪದ ಎರಡೂ ಪ್ರತಿ ಇದ್ದವರಿಗೆ ನಡೆಯಲು ಆಸರೆ ಬೇಕಾಗುವ ಹಂತ ಸುಮಾರು 3.7 ವರ್ಷ ಬೇಗ ಬಂದಿತ್ತು. ಕಾಯಿಲೆ ಬರಿಸುವುದು ಹೆಚ್ಚಾಗಿ ಹೊರಗಿನ ಕೋಶಗಳು, ಅದು ಎಷ್ಟು ಕೆಡಿಸುತ್ತದೆ ಅನ್ನುವುದು ಒಳಗಿನ ಕೋಶಗಳು ಎಷ್ಟು ತಡೆದುಕೊಳ್ಳುತ್ತವೆ ಅನ್ನುವುದರ ಮೇಲೆ. ನನ್ನ ಪ್ರಕಾರ ಈಚಿನ ವರ್ಷಗಳಲ್ಲಿ ಎಂಎಸ್ ಬಗ್ಗೆ ಗೊತ್ತಾದ ಅತಿ ಮುಖ್ಯ ಸಂಗತಿ ಇದು.

ಟೋಲೆಬ್ರುಟಿನಿಬ್ ಅನ್ನುವ ಮಾತ್ರೆಯ ಫಲಿತಾಂಶ ಓದಬೇಕಾದ್ದೂ ಇದೇ ಬೆಳಕಿನಲ್ಲಿ. ಅದು ಮೆದುಳಿಗೆ ದಾಟಬಲ್ಲ ಸಣ್ಣ ಅಣು, ಬಿ ಕೋಶ ಮತ್ತು ಮೈಕ್ರೋಗ್ಲಿಯಾ ಎರಡರಲ್ಲೂ ಇರುವ ಬಿಟಿಕೆ ಅನ್ನುವ ಕಿಣ್ವ ತಡೆಯುತ್ತದೆ. ರಿಲ್ಯಾಪ್ಸ್ ಇಲ್ಲದೆ ಹದಗೆಡುತ್ತಿದ್ದ 1,131 ಜನರ ಪ್ರಯೋಗದಲ್ಲಿ, ಆರು ತಿಂಗಳು ಉಳಿಯುವ ಹದಗೆಡುವಿಕೆಯ ಅಪಾಯ ಡಮ್ಮಿ ಮಾತ್ರೆಗಿಂತ ಶೇ. 31 ಕಡಿಮೆಯಾಯಿತು. ಅದೇ ಮಾತ್ರೆ ರಿಲ್ಯಾಪ್ಸ್ ತಡೆಯುವುದರಲ್ಲಿ ಟೆರಿಫ್ಲುನೊಮೈಡ್ ಅನ್ನುವ ಹಳೆಯ ಮಾತ್ರೆಗಿಂತ ಉತ್ತಮ ಅಂತ ತೋರಿಸಲಾಗಲಿಲ್ಲ. ಎರಡು ಫಲಿತಾಂಶವೂ ಒಟ್ಟಿಗೆ ನಿಜ, ಏಕೆಂದರೆ ಎರಡೂ ಬೇರೆ ಬೇರೆ ಕೋಶಗಳ ಕೆಲಸ. ಯಕೃತ್ತಿನ ಅಪಾಯ ಮಾತ್ರ ಗಂಭೀರ: ಶೇ. 4 ಜನರಲ್ಲಿ ಯಕೃತ್ತಿನ ಕಿಣ್ವಗಳು ಮಿತಿಯ ಮೂರು ಪಟ್ಟಿಗಿಂತ ಮೇಲೆ ಹೋದವು, ಪ್ರಯೋಗದಲ್ಲಿ ಒಬ್ಬರಿಗೆ ಯಕೃತ್ತಿನ ಕಸಿ ಮಾಡಬೇಕಾಗಿ ಬಂದು ಅದರ ತೊಡಕಿನಿಂದ ಜೀವ ಹೋಯಿತು.

ಮೈಕ್ರೋಗ್ಲಿಯಾದ ಕಬ್ಬಿಣದ ಉಂಗುರವನ್ನು ಈಗ ಬದುಕಿರುವವರಲ್ಲೇ ನೋಡಬಹುದು. ಕಬ್ಬಿಣಕ್ಕೆ ಸೂಕ್ಷ್ಮವಾದ ಎಂಆರ್‌ಐ ಸೀಕ್ವೆನ್ಸ್ ಹಾಕಿದರೆ ಗಾಯದ ಸುತ್ತ ಕಪ್ಪು ಅಂಚು ಕಾಣುತ್ತದೆ. 2019ರ ಅಧ್ಯಯನವೊಂದರಲ್ಲಿ ಇಂಥ ಗಾಯ ನಾಲ್ಕು ಅಥವಾ ಹೆಚ್ಚು ಇದ್ದವರಿಗೆ ನಡಿಗೆ ಮತ್ತು ಯೋಚನಾಶಕ್ತಿಯ ತೊಂದರೆ ಚಿಕ್ಕ ವಯಸ್ಸಿನಲ್ಲೇ ಬಂದಿತ್ತು. ಎಂಎಸ್ ಗುರುತಿಸಲು ಡಾಕ್ಟರುಗಳು ಬಳಸುವ ಮೆಕ್‌ಡೊನಾಲ್ಡ್ ಮಾನದಂಡದ 2025ರಲ್ಲಿ ಪ್ರಕಟವಾದ ಪರಿಷ್ಕೃತ ರೂಪದಲ್ಲಿ ಈ ಅಂಚಿನ ಗಾಯಗಳನ್ನೂ ರೋಗನಿರ್ಣಯಕ್ಕೆ ನೆರವಾಗುವ ಗುರುತಾಗಿ ಸೇರಿಸಿದ್ದಾರೆ. ಮಾಮೂಲಿ ಸ್ಕ್ಯಾನ್‌ನಲ್ಲಿ ಈ ಸೀಕ್ವೆನ್ಸ್ ಎಲ್ಲ ಕಡೆ ಇರುವುದಿಲ್ಲ. ರಿಲ್ಯಾಪ್ಸ್ ಇಲ್ಲದಿದ್ದರೂ ನಡಿಗೆ ಕೆಡುತ್ತಿದೆ ಅನ್ನಿಸುವವರು ಮುಂದಿನ ಎಂಆರ್‌ಐಗೆ ಮೊದಲೇ ಅದನ್ನು ಸೇರಿಸಬಹುದೇ ಅಂತ ತಮ್ಮ ನರರೋಗ ತಜ್ಞರನ್ನು ಕೇಳಬಹುದು.